ಕಾಂಡ್ಲ ಕಾಡಿಗಾಗಿ ತರಿಸಿದ ಅಮೋನಿಯಾ ಕಿಟ್: ಒಂದು ವರ್ಷ ಬಳಸಿದ ಮೇಲೆ

ಅಕ್ವೇರಿಯಂ ನೀರು ಪರೀಕ್ಷೆ ಮಾಡಲು ಸಿಗುತ್ತಲ್ಲ, ಅದೇ ಅಮೋನಿಯಾ ಕಿಟ್ ಇದು. ನಾನು ತರಿಸಿದ್ದು ಮೀನು ಸಾಕಲು ಅಲ್ಲ. ನಮ್ಮ ಮನೆ ಕುಂಬಳೆ ಹತ್ತಿರ, ಶಿರಿಯ ಹೊಳೆಯ ದಂಡೆಯಲ್ಲಿ. ಹಿತ್ತಲಿನಾಚೆ ಕಾಂಡ್ಲ ಕಾಡು, ಅಂದರೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್, ಅದರಾಚೆ ಒಂದು ಸಿಗಡಿ ಸಾಕುವ ಕೆರೆ. ಕೆರೆ ನೀರು ಬಿಟ್ಟ ದಿನ ತೋಡು (ಸಣ್ಣ ಕಾಲುವೆ) ನಾರುತ್ತಿತ್ತು. ಕೇಳಿದರೆ ಕೆಸರು ಅಂದ ಮೇಲೆ ವಾಸನೆ ಇರುವುದೇ ಅನ್ನುತ್ತಿದ್ದರು. ಬಾಯಿಮಾತು ಸಾಲದು ಅನ್ನಿಸಿತು.

ಬಳಸುವುದು ಸುಲಭ. ಕೊಳವೆಗೆ ಗೆರೆಯವರೆಗೆ ನೀರು ತುಂಬಿ, ಎರಡು ಬಾಟಲಿಗಳಿಂದ ಹೇಳಿದಷ್ಟು ಹನಿ ಹಾಕಿ, ಅಲ್ಲಾಡಿಸಿ ಕಾಯಬೇಕು. ಅಮೋನಿಯಾ ಇಲ್ಲದಿದ್ದರೆ ಹಳದಿ, ಜಾಸ್ತಿಯಾದಷ್ಟೂ ಹಸಿರು. ಸಿಹಿನೀರಿಗೆ ಬೇರೆ ಕಾರ್ಡು, ಉಪ್ಪುನೀರಿಗೆ ಬೇರೆ ಕಾರ್ಡು, ಮೊದಲ ಸಲ ನಾನು ತಪ್ಪು ಕಾರ್ಡು ನೋಡಿದ್ದೆ. ಸೂಚನೆ ಇಂಗ್ಲಿಷಿನಲ್ಲಿ ಮಾತ್ರ, ಮನೆಯಲ್ಲಿ ಅಮ್ಮ ಓದುವುದು ಕನ್ನಡ, ಪಕ್ಕದ ಮನೆಯವರು ಮಲಯಾಳ, ಹಾಗಾಗಿ ಎರಡರಲ್ಲೂ ಬರೆದು ಡಬ್ಬಿಗೆ ಅಂಟಿಸಿದ್ದೇನೆ. ಕೆಸರು ನೀರನ್ನು ಹಾಗೇ ಹಾಕಬೇಡಿ, ಬಣ್ಣ ತಿಳಿಯುವುದಿಲ್ಲ. ತಿಳಿಯಾಗುವವರೆಗೆ ಇಟ್ಟು ಮೇಲಿನ ನೀರು ತೆಗೆದುಕೊಳ್ಳಿ. ಪರೀಕ್ಷೆ ಆದ ನೀರನ್ನು ತೋಡಿಗೆ ಚೆಲ್ಲಬೇಡಿ.

ಮಾಮೂಲಿ ದಿನಗಳಲ್ಲಿ ತೋಡಿನ ನೀರು ಹೆಚ್ಚುಕಡಿಮೆ ಹಳದಿಯೇ. ಸಿಗಡಿ ಹಿಡಿಯುವ ದಿನ ಕೆರೆ ಖಾಲಿ ಮಾಡುತ್ತಾರಲ್ಲ, ಆಗ ಮೊದಲು ಬರುವ ನೀರು ತಿಳಿ ಹಸಿರು, ಕೊನೆಗೆ ತಳದ ರಾಡಿ ಜೊತೆ ಬರುವ ನೀರು ಕಡು ಹಸಿರು. ಕಾರಣ ಸಿಗಡಿಗೆ ಹಾಕುವ ಫೀಡು. ಅದರಲ್ಲಿ ಮೂರನೇ ಒಂದು ಪಾಲಿನಷ್ಟು ಪ್ರೋಟೀನ್ ಇರುತ್ತದೆ, ಆದರೆ ಅದರ ಸಾರಜನಕದಲ್ಲಿ ಸಿಗಡಿಯ ಮೈಗೆ ಸೇರುವುದು ಸುಮಾರು ಕಾಲು ಭಾಗ. ಉಳಿದದ್ದು ನೀರಿಗೆ, ತಳಕ್ಕೆ. ಅಮೋನಿಯಾ ಬರುವುದು ಅದರಿಂದಲೇ.

ಒಂದು ಕೊರತೆ ಹೇಳಲೇಬೇಕು. ಕಿಟ್ ತೋರಿಸುವುದು ಒಟ್ಟು ಅಮೋನಿಯಾ. ಅದರಲ್ಲಿ ವಿಷವಾಗುವ ಪಾಲು ಎಷ್ಟು ಅನ್ನುವುದು ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಮತ್ತು ಬಿಸಿಯ ಮೇಲೆ ನಿಂತಿದೆ. ಬೆಳಗ್ಗೆ ಬಂದ ಅಂಕಿಯೇ ಮಧ್ಯಾಹ್ನದ ಬಿಸಿಲಲ್ಲಿ ಬಂದರೆ ಜಾಸ್ತಿ ಕೆಟ್ಟದ್ದು. ಪಿಎಚ್ ಕಾಗದವನ್ನೂ ಜೊತೆಗೆ ತೆಗೆದುಕೊಳ್ಳಿ.

ಇನ್ನು ಬೇರಿನ ಕಥೆಯನ್ನು ಯಾವ ಕಿಟ್ಟೂ ಹೇಳುವುದಿಲ್ಲ. ಸಮುದ್ರದ ನೀರು ಇಳಿದ ಹೊತ್ತಿಗೆ ಕೆಸರಿಗಿಳಿದು ನೋಡಿ. ಕೆಸರಿನಿಂದ ಬೆರಳಿನ ಹಾಗೆ ಮೇಲೆದ್ದ ಉಸಿರುಬೇರುಗಳು, ಅವುಗಳ ಮೈಮೇಲಿನ ಸಣ್ಣ ರಂಧ್ರಗಳಿಂದ ಗಿಡ ಉಸಿರಾಡಬೇಕು. ತೋಡಿನ ಬಾಯಿಯ ಹತ್ತಿರ ಒಂದನ್ನು ಹೆಬ್ಬೆರಳಿನಿಂದ ಉಜ್ಜಿದೆ. ಕಪ್ಪು ಲೋಳೆ ಬಂತು, ಕೊಳೆತ ಮೊಟ್ಟೆಯ ವಾಸನೆ. ಅಲ್ಲೇ ಏಡಿ ಬಿಲಗಳೂ ಕಡಿಮೆ. ಕೆಸರಿನೊಳಗೆ ಗಾಳಿ ಹೋಗುವುದು ಆ ಬಿಲಗಳಿಂದ, ಅವು ಮುಚ್ಚಿದರೆ ಬೇರಿಗೆ ಇನ್ನೂ ಕಷ್ಟ. ಆದರೆ ರಸ್ತೆಯಿಂದ ನೋಡಿದರೆ ಕಾಡು ಹಚ್ಚಹಸಿರು! ಗೊಬ್ಬರದಂಥ ನೀರಿಗೆ ಚಿಗುರು ಬೆಳೆಯುತ್ತದೆ, ಬೇರು ಅಷ್ಟು ಬೆಳೆಯುವುದಿಲ್ಲ. ಮಳೆ ಕಡಿಮೆಯಾಗಿ ಉಪ್ಪು ಏರಿದ ವರ್ಷ ಅಂಥ ಗಿಡಗಳೇ ಬೇಗ ಒಣಗುತ್ತವೆ.

ಕಾಂಡ್ಲವೇ ನೀರು ಸೋಸುತ್ತದೆ ಅಲ್ವಾ ಅಂತ ಕೇಳುವವರಿದ್ದಾರೆ. ಸೋಸುತ್ತದೆ, ನಿಜ. ಆದರೆ 1 ಹೆಕ್ಟೇರ್ ಸಿಗಡಿ ಕೆರೆಯ ಸಾರಜನಕ, ರಂಜಕ ಹೀರಲು, ಸಾಕಣೆ ಎಷ್ಟು ದಟ್ಟವಾಗಿದೆ ಅನ್ನುವುದರ ಮೇಲೆ, 2ರಿಂದ 22 ಹೆಕ್ಟೇರ್ ಕಾಂಡ್ಲ ಬೇಕು ಅನ್ನುವ ಲೆಕ್ಕ 1990ರ ದಶಕದಲ್ಲೇ ಬಂದಿದೆ. ನಮ್ಮ ಹಿಂದಿರುವುದು ಒಂದು ಕಲ್ಲೆಸೆತದ ಅಗಲದ ಪಟ್ಟಿ.

ಕೆರೆಯವರ ಹತ್ತಿರ ಜಗಳಕ್ಕೆ ಹೋಗಲಿಲ್ಲ. ಹಳದಿ ಕೊಳವೆ, ಹಸಿರು ಕೊಳವೆ ಎರಡನ್ನೂ ಅವರ ಕೈಗೆ ಕೊಟ್ಟೆ. ಸುಮ್ನೆ ತುಂಬಾ ಹೊತ್ತು ನೋಡಿದರು. ಕಳೆದ ಸಲ ಸಿಗಡಿ ಹಿಡಿದಾಗ ತಳದ ನೀರನ್ನು ಪಕ್ಕದ ಖಾಲಿ ಕೆರೆಗೆ ಹಾಯಿಸಿ, ರಾಡಿ ಕೂತ ಮೇಲೆ ಬಿಟ್ಟರು. ಅವತ್ತು ತೋಡಿನ ನೀರು ತಿಳಿ ಹಸಿರು ದಾಟಲಿಲ್ಲ. ಮುಂದಿನ ಸಲವೂ ಹೀಗೇ ಮಾಡುತ್ತೇನೆ ಅಂತ ಅವರು ಮಾತು ಕೊಟ್ಟಿಲ್ಲ.

5ರಲ್ಲಿ 4 ಕೊಡುತ್ತೇನೆ. ಎರಡನೇ ಬಾಟಲಿಯ ಮುಚ್ಚಳ ಸೋರುತ್ತದೆ, ನಿಲ್ಲಿಸಿಯೇ ಇಡಿ. ತರಿಸುವಾಗ ಅವಧಿ ಮುಗಿಯುವ ದಿನಾಂಕವನ್ನೂ ನೋಡಿಕೊಳ್ಳಿ.