ಡ್ರಮ್ ಕೋರ್: ಇಡೀ ಬೇಸಿಗೆಯೋ, ವಾರಾಂತ್ಯವೋ?

ಡ್ರಮ್ ಕೋರ್ ಅಂದ್ರೆ ಹಿತ್ತಾಳೆ ವಾದ್ಯ, ಡ್ರಮ್ ನುಡಿಸುತ್ತಾ ಮೈದಾನದಲ್ಲಿ ಕವಾಯತು ಮಾಡುವ ತಂಡ. ಇಡೀ ಬೇಸಿಗೆ ಪ್ರವಾಸ ಮಾಡುವ ತಂಡ ಸೇರಬೇಕೋ, ವಾರಾಂತ್ಯದ ತಂಡವೋ ಅನ್ನುವ ಆಯ್ಕೆ ಹಿಂದೆ ಅಮೆರಿಕದಲ್ಲಿ ಇಷ್ಟು ಕಷ್ಟ ಇರಲಿಲ್ಲ. ಚರ್ಚು, ಮಾಜಿ ಸೈನಿಕರ ಸಂಘಗಳು ಸಾಕಿದ ತಂಡಗಳು ಊರೂರಲ್ಲಿದ್ದವು. ಅಕ್ಕಪಕ್ಕದ ಊರಲ್ಲಿ ಸ್ಪರ್ಧೆ, ರಾತ್ರಿ ಮನೆಗೆ ವಾಪಸ್. 1972ರಲ್ಲಿ ಈ ತಂಡಗಳ ಸ್ಪರ್ಧೆ ನಡೆಸುವ ಸಂಸ್ಥೆ ಡಿಸಿಐ (ಡ್ರಮ್ ಕೋರ್ ಇಂಟರ್‌ನ್ಯಾಷನಲ್) ತನ್ನ ಮೊದಲ ಚಾಂಪಿಯನ್‌ಶಿಪ್ ನಡೆಸಿತು. ಆಮೇಲೆ ದೇಶ ಸುತ್ತುವ ತಂಡಗಳೇ ಬೆಳೆದವು, ಪ್ರಾದೇಶಿಕ ಸ್ಪರ್ಧಾ ಸರಣಿಗಳು ಸೊರಗಿದವು. ಅದು ದೊಡ್ಡ ನಷ್ಟ ಅಂತಲೇ ನನ್ನ ಭಾವನೆ.

ಈಗ ಡಿಸಿಐನ ಅತಿ ಮೇಲಿನ ವಿಭಾಗವಾದ ವರ್ಲ್ಡ್ ಕ್ಲಾಸ್ ಅಂದ್ರೆ ಇಡೀ ಬೇಸಿಗೆ ಮುಡಿಪು. ಹಗಲೆಲ್ಲ ಬಿಸಿಲಲ್ಲಿ ಅಭ್ಯಾಸ, ಸಂಜೆ ಪ್ರದರ್ಶನ, ರಾತ್ರಿಯಿಡೀ ಬಸ್ಸು. ಬೆಳಗಿನ ಜಾವ ಯಾವುದೋ ಶಾಲೆಯ ಜಿಮ್‌ ನೆಲದ ಮೇಲೆ ಹಾಸಿಗೆ ಬಿಡಿಸಬೇಕು. ಶುಲ್ಕ ಸಾವಿರಾರು ಡಾಲರ್. ಆದರೆ ಅಲ್ಲಿ ಸಿಗುವ ತಾಲೀಮು ಬೇರೆಲ್ಲೂ ಸಿಗುವುದಿಲ್ಲ. ವಯಸ್ಸಿನ ಮಿತಿಯೂ ಇದೆ, ಇಪ್ಪತ್ತೆರಡರ ಆಸುಪಾಸಿಗೆ ಬಾಗಿಲು ಮುಚ್ಚುತ್ತದೆ.

ವಯಸ್ಸಿನ ಮೇಲ್ಮಿತಿ ಇಲ್ಲದ ಆಲ್-ಏಜ್ ತಂಡಕ್ಕೆ ಹೆಚ್ಚಾಗಿ ವಾರಾಂತ್ಯ ಸಾಕು. ಕೆಲಸ ಬಿಡಬೇಕಿಲ್ಲ, ಅಪ್ಪ-ಮಗಳು ಒಟ್ಟಿಗೇ ನುಡಿಸಬಹುದು. ಈ ತಂಡಗಳದ್ದೇ ಸಂಸ್ಥೆಯಾಗಿದ್ದ ಡಿಸಿಎ (ಡ್ರಮ್ ಕೋರ್ ಅಸೋಸಿಯೇಟ್ಸ್) ಈಗ ಡಿಸಿಐ ಒಳಗೆ ಸೇರಿದೆ.

ವಯಸ್ಸು ಹತ್ತೊಂಬತ್ತು, ಕೈಯಲ್ಲಿ ದುಡ್ಡೂ ಇದೆ ಅಂದ್ರೆ ಒಂದು ಬೇಸಿಗೆ ಪ್ರವಾಸ ಮಾಡಿ. ಸಾಲ ಮಾಡಿ ಮಾತ್ರ ಹೋಗಬೇಡಿ. ಹತ್ತಿರದಲ್ಲಿ ಆಲ್-ಏಜ್ ತಂಡ ಇದ್ದರೆ ಈ ಶನಿವಾರವೇ ಹೋಗಿ ಅಭ್ಯಾಸ ನೋಡಿ ಬನ್ನಿ.