ದಶಾಂಶಕ್ಕೆ ಮರದ ಸೆಟ್: ದುಡ್ಡಿಗೆ ಮೋಸವಿಲ್ಲ, ಆದರೆ…

ಐದನೇ ಕ್ಲಾಸಿನ ಮಗಳಿಗೆ ಅಂತ ಹಾಸನದ ಒಂದು ಸ್ಟೇಷನರಿ ಅಂಗಡಿಯಲ್ಲಿ ಈ ಸೆಟ್ ತೆಗೆದುಕೊಂಡೆ. ಚಪ್ಪಟೆ ಹಲಗೆ, ಕಡ್ಡಿ, ಪುಟ್ಟ ಘನ. ಹಲಗೆಯನ್ನು 1 ಅಂದುಕೊಂಡರೆ ಕಡ್ಡಿ 0.1, ಘನ 0.01. 0.4ಕ್ಕಿಂತ 0.35 ದೊಡ್ಡದು ಅಂತ ಇವಳ ಹಟ. 35 ಜಾಸ್ತಿ ಅಲ್ವಾ ಅನ್ನೋ ವಾದ ಬೇರೆ! ನಾನು ಸುಮ್ನೆ ಕೂತೆ. ಒಂದು ಹಲಗೆ ಮೇಲೆ ನಾಲ್ಕು ಕಡ್ಡಿ ಜೋಡಿಸಿದಳು. ಇನ್ನೊಂದರ ಮೇಲೆ ಮೂರು ಕಡ್ಡಿ, ಐದು ಘನ. ನಾಲ್ಕನೇ ಸಾಲು ಅರ್ಧಕ್ಕೇ ನಿಂತಿತು. "ಅಯ್ಯೋ, ಇನ್ನೂ ಐದು ಬೇಕು!" ಅಂದಳು. ವಾದ ಮುಗಿಯಿತು.

ಬಣ್ಣ ಮಾತ್ರ ಕೈಗೆ ಹತ್ತುತ್ತದೆ. ಘನಗಳು ಸೋಫಾ ಕೆಳಗೆ ಮಾಯ. ಜೊತೆಗಿನ ಚೀಟಿಯಲ್ಲಿ ದಶಾಂಶದ ಸುದ್ದಿಯೇ ಇಲ್ಲ. ಸಾವಿರದಲ್ಲೊಂದು ಭಾಗ ತೋರಿಸಲು ಹತ್ತು ಹಲಗೆ ಪೇರಿಸಿದಷ್ಟು ದೊಡ್ಡ ಘನವನ್ನು 1 ಮಾಡಿಕೊಳ್ಳಬೇಕು. ಅದು ಈ ಸೆಟ್‌ನಲ್ಲಿಲ್ಲ, ಬೇರೆ ಕೊಳ್ಳಬೇಕು.