ಮಂದ್ರ ಮಧ್ಯಮಕ್ಕಾಗಿ ಕೊಂಡ ಆಲ್ಟೊ ಕೊಳಲು: ಆರು ಮಳೆಗಾಲಗಳ ಅನುಭವ

ಧಾರವಾಡದ ನಮ್ಮ ಮನೆಯಲ್ಲಿ ಈ ಆಲ್ಟೊ ಕೊಳಲಿಗೆ, ಅಂದರೆ ಪಾಶ್ಚಾತ್ಯ ಕೊಳಲಿನ ದೊಡ್ಡ, ತಗ್ಗು ಸ್ವರದ ರೂಪಕ್ಕೆ, ಇದು ಆರನೆಯ ಮಳೆಗಾಲ. ಹಿಂದುಸ್ತಾನಿ ಬಿದಿರು ಕೊಳಲಾದ ಬಾನ್ಸುರಿ ಕಲಿತ ನಾನು ಇದನ್ನು ಕೊಂಡದ್ದು ಮಾಲಕಂಸ ರಾಗದ ಒಂದೇ ಒಂದು ಸ್ವರಕ್ಕಾಗಿ: ಮಂದ್ರದ, ಅಂದರೆ ಕೆಳಗಿನ ಸಪ್ತಕದ, ಶುದ್ಧ ಮಧ್ಯಮ. ಬಾನ್ಸುರಿಯ ಆರೂ ರಂಧ್ರ ಮುಚ್ಚಿದರೆ ಸಿಗುವುದು ಮಂದ್ರ ಪಂಚಮ. ಬಾನ್ಸುರಿ ವಾದಕ ಪನ್ನಾಲಾಲ್ ಘೋಷರು ಏಳನೆಯ ರಂಧ್ರ ಸೇರಿಸಿದ್ದರಿಂದ ಅದರ ಕೆಳಗಿನ ತೀವ್ರ ಮಧ್ಯಮ ದೊರೆಯಿತೇ ಹೊರತು ಇನ್ನೂ ಕೆಳಗಿನ ಶುದ್ಧ ಮಧ್ಯಮವಲ್ಲ. ಹೀಗಾಗಿ ಪಂಚಮವೇ ಇಲ್ಲದ ಮಾಲಕಂಸದಲ್ಲಿ ಆಲಾಪ ಮಂದ್ರ ಧೈವತಕ್ಕೇ ನಿಂತುಬಿಡುತ್ತದೆ.

ಪಾಶ್ಚಾತ್ಯ ಕೊಳಲುಗಳಲ್ಲಿ ಪಿಕೊಲೊ ಸಾಮಾನ್ಯ ಕೊಳಲಿಗಿಂತ ಒಂದು ಸಪ್ತಕ ಮೇಲೆ, ಬೇಸ್ ಒಂದು ಸಪ್ತಕ ಕೆಳಗೆ. ಆಲ್ಟೊ ಇರುವುದು ಷಡ್ಜದಿಂದ ಮಂದ್ರ ಪಂಚಮಕ್ಕೆ ಇಳಿದಷ್ಟು ಕೆಳಗೆ. ಬೆರಳುಗಳ ಕ್ರಮ ಸಾಮಾನ್ಯ ಕೊಳಲಿನದೇ ಆದರೂ ಸ್ವರಲಿಪಿಯ ಹಾಳೆಯಲ್ಲಿ ಸಿ ಎಂದು ಬರೆದದ್ದು ಇಲ್ಲಿ ಜಿ ಆಗಿ, ಅಂದರೆ ಹಾರ್ಮೋನಿಯಂನಲ್ಲಿ ಸಿಯಿಂದ ಎಣಿಸಿದರೆ ಐದನೆಯ ಬಿಳಿ ಪಟ್ಟಿಯಾದ ಬಿಳಿ ಐದಾಗಿ ಕೇಳುತ್ತದೆ. ಬಿಳಿ ಎರಡನ್ನು ಷಡ್ಜವಾಗಿಟ್ಟುಕೊಂಡರೆ ಕೊಳವೆಯ ಕಟ್ಟಕಡೆಯ ಸ್ವರ ಸರಿಯಾಗಿ ಮಂದ್ರ ಶುದ್ಧ ಮಧ್ಯಮ. ತಂಬೂರಿಯ ಮಧ್ಯಮದ ತಂತಿಯೊಡನೆ ಅದು ಬೆರೆತ ಮೊದಲ ಸಂಜೆ, ಕೊಟ್ಟ ಹಣದ ಚಿಂತೆ ನನಗೆ ಮರೆತೇ ಹೋಗಿತ್ತು.

ಸುಮಾರು 86 ಸೆಂಟಿಮೀಟರ್ ಉದ್ದದ ಈ ಕೊಳವೆಯ ರಂಧ್ರಗಳು ಬರಿಯ ಬೆರಳಿಗೆ ಎಟುಕುವಂಥವಲ್ಲ. ರಂಧ್ರವು ಶ್ರುತಿಗೆ ಬೇಕಾದಲ್ಲಿರಲಿ, ಅದನ್ನು ಮುಚ್ಚುವ ಕೆಲಸ ಕೀಗಳೆಂಬ ಲೋಹದ ಮುಚ್ಚಳಗಳಿಗಿರಲಿ ಎಂಬುದು ಮ್ಯೂನಿಕ್‌ನ ಕೊಳಲು ತಯಾರಕ ಥಿಯೊಬಾಲ್ಡ್ ಬೋಮ್‌ನ ಎಣಿಕೆ. 1847ರಲ್ಲಿ ಸಾಮಾನ್ಯ ಕೊಳಲಿಗೆ ಸಿಲಿಂಡರಿನ ಆಕಾರ ಕೊಟ್ಟ ಆತನೇ 1850ರ ದಶಕದಲ್ಲಿ ಆಲ್ಟೊವನ್ನೂ ರೂಪಿಸಿದ. ಆದರೆ ಎಟುಕದ್ದನ್ನು ಎಟುಕಿಸಿದ ಆ ಕೀಗಳೇ ಮೀಂಡಿಗೆ, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದಕ್ಕೆ, ಅಡ್ಡ. ಬಿದಿರಿನ ಮೇಲೆ ಬೆರಳನ್ನು ಮೆಲ್ಲಗೆ ಸರಿಸಿ ಸ್ವರವನ್ನು ಎಳೆಯುವ ನಮ್ಮ ರೂಢಿ ಇಲ್ಲಿ ನಡೆಯುವುದಿಲ್ಲ. ತುಟಿಯಿಂದ, ಕೊಳಲನ್ನು ತುಸು ಹೊರಳಿಸಿ ಬಾಗಿಸಿದಷ್ಟೇ ಲಾಭ. ದರಬಾರಿ ರಾಗದ ಆಂದೋಲಿತ (ಮೆಲ್ಲಗೆ ತೂಗುವ) ಗಾಂಧಾರವನ್ನು ಎರಡು ವರ್ಷ ಪ್ರಯತ್ನಿಸಿ ಕೈಬಿಟ್ಟಿದ್ದೇನೆ.

ಕೊಳವೆ ಅಗಲವಾದ್ದರಿಂದ ಉಸಿರು ಬಹಳ ಬೇಕು. ಮೊದಲ ತಿಂಗಳು ತಲೆ ಸುತ್ತುತ್ತಿತ್ತು. ಕೆಳಗಿನ ಸ್ವರಗಳು ದುಂಡಾಗಿದ್ದರೂ ಮೆತ್ತಗಿರುತ್ತವೆ, ತಬಲಾ ಸೇರಿದರೆ ಮೈಕ್ ಇಲ್ಲದೆ ಕೇಳಿಸುವುದಿಲ್ಲ. ನೇರ ಮತ್ತು ಬಾಗಿದ ಎರಡು ತಲೆಭಾಗಗಳಲ್ಲಿ ನನ್ನ ಗಿಡ್ಡ ತೋಳಿಗೆ ಬಾಗಿದ್ದೇ ಅನುಕೂಲ.

ನಮ್ಮೂರ ಜಿಟಿಜಿಟಿ ಮಳೆಯ ತೇವಕ್ಕೆ ಕೀಗಳಡಿಯ ಮೆತ್ತೆಗಳಾದ ಪ್ಯಾಡ್‌ಗಳು ಅಂಟಿಕೊಳ್ಳುತ್ತವೆ. ತೆಳು ಕಾಗದ ಇಟ್ಟು ಒತ್ತಿ ತೇವ ಹೀರಿಸುವುದನ್ನು ಕಲಿತಿದ್ದೇನೆ, ಆದರೆ ಪ್ಯಾಡ್ ಬದಲಿಸುವುದು ನನ್ನ ಕೈಲಾಗದ ಕೆಲಸ. ಮೂರನೆಯ ವರ್ಷ, ಕೊಂಡ ಅಂಗಡಿಯವರು ಒಂದು ವಾರವೆಂದು ಹೇಳಿ ಇಟ್ಟುಕೊಂಡು ಮೂರು ತಿಂಗಳ ನಂತರ ಮರಳಿಸಿದರು. ಆ ಶ್ರಾವಣವೆಲ್ಲ ನನ್ನ ಮಾಲಕಂಸ ಮತ್ತೆ ಬಾನ್ಸುರಿಯ ಧೈವತದಲ್ಲೇ ನಿಂತಿತ್ತು.